ಪರವೂರಿನ ಕೈ, ನಮ್ಮೂರಿನ ಸಿಹಿ

ನೆಂಟರ ಮನೆಗೆ ಬರಿಗೈಯಲ್ಲಿ ಹೋಗಬಾರದು. ಇದು ಯಾವ ಶಾಲೆಯಲ್ಲೂ ಕಲಿಸದ, ಆದರೆ ನಮ್ಮ ಕಡೆ ಎಲ್ಲರಿಗೂ ಬರುವ ಪಾಠ. ಕಾರ್ಕಳ ತಾಲೂಕಿನ ಅಜೆಕಾರು ಪೇಟೆಯಲ್ಲಿ ಸಂಜೆ ಹೊತ್ತು ಬಸ್ಸಿಗೆ ಕಾಯುತ್ತ ನಿಂತವರನ್ನು ನೋಡಿ. ತವರಿಗೆ ಹೊರಟ ಹೆಣ್ಣುಮಗಳ ಕೈಯಲ್ಲೊಂದು ತೊಟ್ಟೆ, ಅದರೊಳಗೆ ಬೇಕರಿಯ ಸಿಹಿತಿಂಡಿಯ ಕಟ್ಟು. ಬಾಣಂತಿಯನ್ನು ನೋಡಲು ಹೊರಟ ಅಜ್ಜಿಯ ಕಂಕುಳಲ್ಲೂ ಒಂದು ಕಟ್ಟು. ಮುಂಬೈಯಿಂದ ಊರಿಗೆ ಬಂದವರು ಅಲ್ಲಿಯ ಹಲ್ವಾ ತರಬೇಕು, ಗಲ್ಫ್‌ನಿಂದ ಬಂದವರು ಖರ್ಜೂರದ ಪೆಟ್ಟಿಗೆ ತರಬೇಕು, ಧಾರವಾಡದಲ್ಲಿ ಓದುವ ಹುಡುಗ ರಜೆಗೆ ಬರುವಾಗ ಪೇಡಾ ತರಲೇಬೇಕು. ತರದೆ ಬಂದರೆ ಯಾರೂ ಬಯ್ಯುವುದಿಲ್ಲ. ಆದರೆ ಮನೆಯ ಮಕ್ಕಳ ಕಣ್ಣು ಬ್ಯಾಗಿನ ಮೇಲೆ ನೆಟ್ಟಿರುತ್ತದೆ.

ಬಂದವರಿಗೆ ನಮ್ಮ ಮನೆಗಳಲ್ಲಿ ಮೊದಲು ಕೊಡುತ್ತಿದ್ದುದು ಒಂದು ತುಂಡು ಬೆಲ್ಲ ಮತ್ತು ಒಂದು ತಂಬಿಗೆ ನೀರು. ಬಂದವರ ಕೈಯಲ್ಲೊಂದು ಸಿಹಿ, ಮನೆಯವರ ಕೈಯಲ್ಲೊಂದು ಸಿಹಿ. ಮಾತು ಆಮೇಲೆ.

ಚೀನಾದ ಫುಜಿಯಾನ್ ಮತ್ತು ತೈವಾನ್ ಕಡೆಯವರಲ್ಲಿ ಇದಕ್ಕೊಂದು ಹೆಸರೇ ಇದೆ. 'ಬಾನ್ ಶೌ ಲಿ' ಎನ್ನುತ್ತಾರೆ. ಕೈಗೆ ಜೊತೆಯಾಗಿ ಬರುವ ಉಡುಗೊರೆ ಎಂದು ಅರ್ಥ ಮಾಡಬಹುದು. ಊರಿಗೊಂದು ತಿಂಡಿ, ಆ ತಿಂಡಿಗೆ ಆ ಊರಿನದೇ ಹೆಸರು. ಆ ಊರಿಗೆ ಹೋದವರು ಅದನ್ನು ತರದೆ ಹಿಂದಿರುಗಿದರೆ ಹೋದದ್ದಕ್ಕೆ ಸಾಕ್ಷಿಯಿಲ್ಲ. ಶಿಯಾಮೆನ್ ಕಡೆಯಿಂದ ನೆಲಗಡಲೆಯ 'ಗೊಂಗ್ ತಾಂಗ್' ಮಿಠಾಯಿ, ಶಿಆನ್ ನಗರದ ಮುಸ್ಲಿಂ ಬೀದಿಯಿಂದ ಪರ್ಸಿಮನ್ ಹಣ್ಣಿನ ಕಡುಬು, ಹೀಗೆ. ನಮ್ಮ ಗೋಕಾಕದ ಕರದಂಟು, ಬೆಳಗಾವಿಯ ಕುಂದಾ, ಮೈಸೂರಿನ ಪಾಕ್ ಇದ್ದಂತೆಯೇ.

ಇಲ್ಲಿ ನಮ್ಮನ್ನು ಕಾಡುವ ಪ್ರಶ್ನೆಯೊಂದಿದೆ. ಒಂದು ಊರಿನ ತಿಂಡಿ ನಿಜವಾಗಿ ಯಾರದ್ದು? ಊರಿನ ಹೆಸರು ಹೊತ್ತ ಮಾತ್ರಕ್ಕೆ ಅದು ಆ ಊರಿನ ಮಣ್ಣಿನಲ್ಲೇ ಹುಟ್ಟಿತೆ? ಅಜೆಕಾರಿನ ಬಸ್ ನಿಲ್ದಾಣದ ಆ ಸಣ್ಣ ಕಟ್ಟನ್ನು ಬಿಚ್ಚುತ್ತ ಹೋದರೆ ಸಾವಿರದ ಮುನ್ನೂರಕ್ಕೂ ಹೆಚ್ಚು ವರ್ಷಗಳ ಪ್ರಯಾಣವೊಂದು ತೆರೆದುಕೊಳ್ಳುತ್ತದೆ. ಆ ಪ್ರಯಾಣದಲ್ಲಿ ನಮ್ಮ ಬಾರ್ಕೂರೂ ಇದೆ, ಚೀನಾವೂ ಇದೆ, ಈಜಿಪ್ಟ್ ಕೂಡ ಇದೆ.

ಮಗಧದಿಂದ ಹೋದ ವಿದ್ಯೆ

ಸಿಹಿತಿಂಡಿಯ ಚರಿತ್ರೆ ಎಂದರೆ ಮುಖ್ಯವಾಗಿ ಸಕ್ಕರೆಯ ಚರಿತ್ರೆ. ಕಬ್ಬಿನ ರಸವನ್ನು ಕಾಯಿಸಿ ಹರಳುಗಟ್ಟಿಸುವ ವಿದ್ಯೆಯನ್ನು ಬಹು ಹಿಂದೆಯೇ ಬಲ್ಲವರು ಭಾರತೀಯರು. ಸಂಸ್ಕೃತದ 'ಶರ್ಕರಾ' ಪ್ರಾಕೃತದ ಮೂಲಕ ನಮ್ಮಲ್ಲಿ 'ಸಕ್ಕರೆ'ಯಾಯಿತು, ಪರ್ಶಿಯಾ ದಾಟಿ ಅರಬಿಯಲ್ಲಿ 'ಸುಕ್ಕರ್' ಆಯಿತು, ಅಲ್ಲಿಂದ ಯೂರೋಪಿನ ಭಾಷೆಗಳಿಗೆ ಹೋಗಿ 'ಶುಗರ್' ಆಯಿತು. 'ಖಂಡ' ಎಂಬ ಮಾತು ಪರ್ಶಿಯನ್ನಿನಲ್ಲಿ 'ಕಂದ್' ಆಗಿ, ಕೊನೆಗೆ ಮಕ್ಕಳ 'ಕ್ಯಾಂಡಿ'ಯಾಯಿತು. ಪದಗಳು ಹೋದ ದಾರಿಯಲ್ಲೇ ವಸ್ತುವೂ ಹೋಗಿತ್ತು.

ಚೀನಾದಲ್ಲೂ ಕಬ್ಬು ಇತ್ತು. ಆದರೆ ಒಳ್ಳೆಯ ಸಕ್ಕರೆ ಮಾಡುವ ಕ್ರಮ ಭಾರತದಲ್ಲಿದೆ ಎಂದು ಅಲ್ಲಿಯ ಅರಸರಿಗೆ ತಿಳಿದಿತ್ತು. ತಾಂಗ್ ವಂಶದ ಚಕ್ರವರ್ತಿ ತೈಜೊಂಗ್, 647ರ ಸುಮಾರಿಗೆ ಸಕ್ಕರೆ ಕಾಯಿಸುವ ಕ್ರಮವನ್ನು ಕಲಿತು ಬರಲೆಂದೇ ಮಗಧಕ್ಕೆ ಜನರನ್ನು ಕಳಿಸಿದ ಸಂಗತಿ ಚೀನಾದ ಅಧಿಕೃತ ಚರಿತ್ರೆಯಲ್ಲಿ ದಾಖಲಾಗಿದೆ. ಅವರು ಹಿಂದಿರುಗಿದ ಮೇಲೆ ಯಾಂಗ್‌ಝೌ ಪ್ರದೇಶದ ಕಬ್ಬನ್ನು ತರಿಸಿ ಅದೇ ಕ್ರಮದಲ್ಲಿ ಸಕ್ಕರೆ ಮಾಡಿಸಲಾಯಿತು. ಅದು ಬಣ್ಣದಲ್ಲೂ ರುಚಿಯಲ್ಲೂ ಪಶ್ಚಿಮದ ಸಕ್ಕರೆಯನ್ನು ಮೀರಿಸಿತು ಎಂದು ಅದೇ ಚರಿತ್ರೆಕಾರರು ಬರೆದರು. ಕಲಿಸಿದವರನ್ನೇ ಮೀರಿಸಿದೆವು ಎಂಬ ಸಣ್ಣ ಹೆಮ್ಮೆ ಅದರಲ್ಲಿದೆ. ಕಲಿತದ್ದನ್ನು ಅವರು ಮುಚ್ಚಿಡಲಿಲ್ಲ ಎಂಬ ದೊಡ್ಡತನವೂ ಇದೆ.

ಎರಡನೆಯ ಪಾಠ ಬಂದದ್ದು ಬೇರೆ ದಿಕ್ಕಿನಿಂದ. 13ನೇ ಶತಮಾನದ ಕೊನೆಗೆ ಚೀನಾದಲ್ಲಿದ್ದ ಮಾರ್ಕೊ ಪೋಲೊ ಫುಜಿಯಾನ್ ಸೀಮೆಯ ಒಂದು ಊರಿನ ಬಗ್ಗೆ ಹೇಳುತ್ತಾನೆ. ಅಲ್ಲಿಯವರು ಮೊದಲು ಕಪ್ಪು ಮುದ್ದೆಯಂಥ ಸಕ್ಕರೆಯನ್ನಷ್ಟೇ ಮಾಡುತ್ತಿದ್ದರು, ಮಂಗೋಲರ ಆಳ್ವಿಕೆ ಬಂದ ಮೇಲೆ ಚಕ್ರವರ್ತಿಯ ಆಸ್ಥಾನದಲ್ಲಿದ್ದ 'ಬಾಬಿಲೋನಿಯಾ'ದವರು ಮರದ ಬೂದಿ ಹಾಕಿ ಸಕ್ಕರೆಯನ್ನು ಶುದ್ಧಗೊಳಿಸುವ ಕ್ರಮವನ್ನು ಕಲಿಸಿದರು ಎಂದು. ಆ ಕಾಲದಲ್ಲಿ ಯೂರೋಪಿನವರು ಈಜಿಪ್ಟಿನ ಕೈರೋವನ್ನು ಬಾಬಿಲೋನ್ ಎಂದೂ ಕರೆಯುತ್ತಿದ್ದುದರಿಂದ, ಕಲಿಸಿದವರು ಈಜಿಪ್ಟಿನ ಸಕ್ಕರೆ ಕುಶಲಿಗಳು ಎಂದು ವಿದ್ವಾಂಸರು ತಿಳಿಯುತ್ತಾರೆ.

ಮುಂದೆ ಚೀನೀಯರು ತಮ್ಮದೇ ಒಂದು ಹೆಜ್ಜೆ ಇಟ್ಟರು. 1637ರಲ್ಲಿ ಸೊಂಗ್ ಯಿಂಗ್‌ಶಿಂಗ್ ಬರೆದ ಕೈಗಾರಿಕೆಗಳ ಕುರಿತ ಪ್ರಸಿದ್ಧ ಗ್ರಂಥದಲ್ಲಿ ಅದರ ವಿವರವಿದೆ. ಕೆಳಗೆ ತೂತಿರುವ ಮಣ್ಣಿನ ಆಲಿಕೆಗೆ ಹುಲ್ಲು ತುರುಕಿ, ಅದರೊಳಗೆ ಕಪ್ಪು ಸಕ್ಕರೆಯನ್ನು ತುಂಬಿ, ಮೇಲಿನಿಂದ ಹಳದಿ ಮಣ್ಣಿನ ನೀರು ಸುರಿಯುತ್ತಾರೆ. ಕಪ್ಪು ಕಾಕಂಬಿ ಕೆಳಗೆ ಇಳಿದುಹೋಗುತ್ತದೆ. ಮೇಲೆ ಉಳಿಯುವುದು ಬೆಳ್ಳನೆಯ ಸಕ್ಕರೆ. 17 ಮತ್ತು 18ನೇ ಶತಮಾನಗಳಲ್ಲಿ ಚೀನಾದ ಸಕ್ಕರೆ, ಕಲ್ಲುಸಕ್ಕರೆ ಹಡಗು ಹತ್ತಿ ಭಾರತದ ಪಶ್ಚಿಮದ ಬಂದರುಗಳಿಗೂ ಬರುತ್ತಿತ್ತು. ಮಗಧದಿಂದ ಹೋದ ವಿದ್ಯೆ ಬಿಳಿ ಬಟ್ಟೆ ತೊಟ್ಟು ತವರಿಗೆ ಮರಳಿತ್ತು.

ಈ ಮರುಪ್ರಯಾಣಕ್ಕೆ ನಮ್ಮ ನಾಲಿಗೆಯೇ ಸಾಕ್ಷಿ. ಉರ್ದು, ಹಿಂದಿ ಮಾತಾಡುವವರು ಸಕ್ಕರೆಗೆ 'ಚೀನಿ' ಎನ್ನುತ್ತಾರೆ, ಎಂದರೆ ಚೀನಾದ್ದು. ಕಲ್ಲುಸಕ್ಕರೆಗೆ 'ಮಿಸ್ರಿ' ಎನ್ನುತ್ತಾರೆ, ಎಂದರೆ ಮಿಸ್ರ್‌ನದ್ದು, ಈಜಿಪ್ಟಿನದ್ದು. ಸಂಸ್ಕೃತವನ್ನು ಆಳವಾಗಿ ಬಲ್ಲ ಚೀನೀ ವಿದ್ವಾಂಸ ಜಿ ಶಿಯಾನ್‌ಲಿನ್ (1911-2009) ಸಕ್ಕರೆಯ ಬಗ್ಗೆ ದೊಡ್ಡ ಗ್ರಂಥವನ್ನೇ ಬರೆದರು. ಈ 'ಚೀನಿ' ಪದದ ಹಿಂದೆ ಬಿದ್ದು, ಎರಡು ದೇಶಗಳು ಒಂದಕ್ಕೊಂದು ಕಲಿಸಿದ ಬಗೆಯನ್ನು ಅವರು ತೋರಿಸಿಕೊಟ್ಟರು.

ಬಾರ್ಕೂರಿನ ಕಬ್ಬು, ಮುಳುಗಿದ ಉಡುಗೊರೆ

ಇನ್ನು ನಮ್ಮ ಕರಾವಳಿಗೆ ಬರೋಣ. 1342ರ ಸುಮಾರಿಗೆ ಒಬ್ಬ ಪ್ರವಾಸಿ ಹೊನ್ನಾವರ, ಬಸ್ರೂರು, ಬಾರ್ಕೂರು, ಮಂಗಳೂರುಗಳನ್ನು ದಾಟಿ ದಕ್ಷಿಣಕ್ಕೆ ಸಾಗಿದ. ಅವನೇ ಮೊರಾಕೊದ ಇಬ್ನ್ ಬತೂತ. ಅವನು ಆಗ ಬರಿಯ ಪ್ರವಾಸಿಯಲ್ಲ. ದಿಲ್ಲಿಯ ಸುಲ್ತಾನ ಮುಹಮ್ಮದ್ ಬಿನ್ ತುಘಲಕ್ ಚೀನಾದ ಚಕ್ರವರ್ತಿಗೆ ಕಳಿಸಿದ ಉಡುಗೊರೆಯನ್ನು ಒಯ್ಯುತ್ತಿದ್ದ ರಾಯಭಾರಿ.

ಬಾರ್ಕೂರನ್ನು ಅವನು 'ಫಾಕನೂರ್' ಎಂದು ಕರೆಯುತ್ತಾನೆ. ಅಳಿವೆಯ ದಡದ ಆ ಊರಿನಲ್ಲಿ ಅವನ ಕಣ್ಣಿಗೆ ಬಿದ್ದದ್ದು ಕಬ್ಬು. ಅಲ್ಲಿ ಕಬ್ಬು ಹೇರಳ, ಅಂಥ ಕಬ್ಬು ಆ ನಾಡಿನಲ್ಲಿ ಬೇರೆಲ್ಲೂ ಇಲ್ಲ ಎನ್ನುತ್ತಾನೆ. ಇನ್ನೊಂದು ಸಂಗತಿಯನ್ನೂ ಗುರುತಿಸುತ್ತಾನೆ. ಆ ಕರಾವಳಿಯಲ್ಲಿ ಊರನ್ನು ದಾಟಿಹೋಗುವ ಪ್ರತಿ ಹಡಗೂ ಲಂಗರು ಹಾಕಿ ಅಲ್ಲಿಯ ದೊರೆಗೆ ಕಾಣಿಕೆ ಕೊಟ್ಟೇ ಮುಂದೆ ಸಾಗಬೇಕು. ಅದಕ್ಕೆ 'ಬಂದರಿನ ಹಕ್ಕು' ಎಂದು ಹೆಸರು. ಬರಿಗೈಯಲ್ಲಿ ದಾಟಿಹೋಗಬಾರದು ಎಂಬ ನಿಯಮ ನಮ್ಮ ಕಡಲತಡಿಯಲ್ಲಿ ಎಷ್ಟು ಹಳೆಯದು ನೋಡಿ. ಆದರೆ ಬಾರ್ಕೂರಿನ ದೊರೆ ಇವನಿಂದ ಕಾಣಿಕೆ ಕೇಳುವುದರ ಬದಲು, ಮೂರು ದಿನ ಇವರನ್ನೇ ಸತ್ಕರಿಸಿ ಕಳಿಸಿದ.

ಮಂಗಳೂರಿನಲ್ಲಿ ಅವನು ಪರ್ಶಿಯಾ ಮತ್ತು ಯೆಮನ್‌ನ ವ್ಯಾಪಾರಿಗಳನ್ನು ಕಂಡ, ಮೆಣಸು, ಶುಂಠಿಯ ರಾಶಿಗಳನ್ನು ಕಂಡ. ಕಲ್ಲಿಕೋಟೆಗೆ ಮುಟ್ಟಿದಾಗ ಬಂದರಿನಲ್ಲಿ 13 ಚೀನೀ ಹಡಗುಗಳು ನಿಂತಿದ್ದವು. ಅವುಗಳಲ್ಲಿ ನಾವಿಕರು ಮರದ ತೊಟ್ಟಿಗಳಲ್ಲಿ ತರಕಾರಿ, ಶುಂಠಿ ಬೆಳೆಸಿಕೊಳ್ಳುತ್ತಿದ್ದರಂತೆ.

ಆ ಉಡುಗೊರೆ ಏನಾಯಿತು? ನೂರು ಕುದುರೆ, ನೂರು ಗುಲಾಮರು, ಹಾಡಿ ಕುಣಿಯುವ ನೂರು ಹೆಣ್ಣುಗಳು, ಲೆಕ್ಕವಿಲ್ಲದ ಬಟ್ಟೆ, ಚಿನ್ನ ಬೆಳ್ಳಿಯ ದೀಪಸ್ತಂಭಗಳು. ಮನುಷ್ಯರನ್ನೂ ವಸ್ತುಗಳ ಪಟ್ಟಿಯಲ್ಲಿ ಸೇರಿಸಿದ ಅಂದಿನ ರಾಜಮರ್ಯಾದೆ ಅದು. ಕಲ್ಲಿಕೋಟೆಯಲ್ಲಿ ಉಡುಗೊರೆಗಳನ್ನು ಹಡಗಿಗೇರಿಸಿದ ಮೇಲೆ ಬಿರುಗಾಳಿ ಎದ್ದಿತು. ಇಬ್ನ್ ಬತೂತ ದಡದಲ್ಲಿದ್ದ. ಹಡಗು ಒಡೆದು ಅದರಲ್ಲಿದ್ದವರು ಕಡಲಪಾಲಾದರು. ಅವನಿಗೆ ಉಳಿದದ್ದು ಹಾಸಿಕೊಂಡು ಮಲಗಿದ್ದ ಜಮಖಾನ ಮತ್ತು ಹತ್ತು ದೀನಾರು.

ಸುಲ್ತಾನನ ಉಡುಗೊರೆ ಚೀನಾ ಮುಟ್ಟಲಿಲ್ಲ. ಆದರೆ ಇಬ್ನ್ ಬತೂತ ಕೆಲವು ವರ್ಷಗಳ ನಂತರ ಸುತ್ತು ದಾರಿಯಲ್ಲಿ ಚೀನಾ ಮುಟ್ಟಿದ. ಅಲ್ಲಿಯ ಸಕ್ಕರೆ ಈಜಿಪ್ಟಿನ ಸಕ್ಕರೆಗೆ ಸಮ, ಅದಕ್ಕಿಂತ ಮೇಲೂ ಹೌದು ಎಂದು ಬರೆದ. ಈಜಿಪ್ಟಿನವರು ಕಲಿಸಿದ ವಿದ್ಯೆಗೆ ಅವನು ಚೀನಾದಲ್ಲಿ ತಲೆದೂಗುತ್ತಿದ್ದ. ಬಾರ್ಕೂರಿನ ಕಬ್ಬನ್ನೂ ಚೀನಾದ ಸಕ್ಕರೆಯನ್ನೂ ಒಂದೇ ನಾಲಿಗೆ ಸವಿದು, ಒಂದೇ ಪುಸ್ತಕ ದಾಖಲಿಸಿತು. ಚಕ್ರವರ್ತಿಗಳ ಕಾಣಿಕೆ ಸಮುದ್ರದ ತಳ ಸೇರಿದರೂ ಬಾಣಸಿಗರ, ಗಾಣದವರ, ನಾವಿಕರ ಕೊಡುಕೊಳ್ಳುವಿಕೆ ಮುಳುಗಲಿಲ್ಲ.

60 ವರ್ಷಗಳ ಬಳಿಕ ಚೀನೀಯರೇ ದೊಡ್ಡ ನೌಕಾಬಲದೊಂದಿಗೆ ಈ ಕಡಲಿಗೆ ಬಂದರು. 1405ರಿಂದ 1433ರವರೆಗೆ ಏಳು ಯಾನಗಳನ್ನು ನಡೆಸಿದ ಝೆಂಗ್ ಹೆ ಯುನ್ನಾನ್ ಪ್ರಾಂತದ ಮುಸ್ಲಿಂ ಮನೆತನದಲ್ಲಿ ಹುಟ್ಟಿದವನು. ಅವನ ಜೊತೆಗಿದ್ದ ದುಭಾಷಿ ಮಾ ಹುವಾನ್ ಕೂಡ ಮುಸ್ಲಿಮನೇ. ಕಲ್ಲಿಕೋಟೆಯ ಬಗ್ಗೆ ಬರೆಯುವಾಗ ಮಾ ಹುವಾನ್ ತೆಂಗಿನ ಮರದ ಮುಂದೆ ನಿಂತುಬಿಡುತ್ತಾನೆ. ಎಳನೀರು ಕುಡಿಯಲು, ಕಾಯಿ ಎಣ್ಣೆಗೆ, ಸಕ್ಕರೆಗೆ, ತಿನ್ನಲು ಎಂದು ಲೆಕ್ಕ ಹಾಕುತ್ತಾನೆ. ಬೆಲ್ಲ, ತೆಂಗಿನಕಾಯಿ, ಅಕ್ಕಿ ಇವೇ ನಮ್ಮ ಕರಾವಳಿಯ ಸಿಹಿಯ ಮೂಲ ಬಂಡವಾಳ ಎಂಬುದು ಆ ಪರದೇಶಿಯ ಕಣ್ಣಿಗೂ ಬಿದ್ದಿತ್ತು.

ಆ ಸಂಬಂಧದ ತುಣುಕುಗಳು ನಮ್ಮ ಅಡುಗೆಮನೆಗಳಲ್ಲಿ ಇನ್ನೂ ಇವೆ. ಕರಾವಳಿಯ ಮನೆಗಳಲ್ಲಿ ಸಿಹಿಕುಂಬಳ 'ಚೀನಿಕಾಯಿ'. ಕಾಸರಗೋಡಿನ ಮಲಯಾಳ ಮಾತಿನ ಮನೆಗಳಲ್ಲಿ ತಿಂಡಿ ಕರಿಯುವ ಬಾಣಲೆ 'ಚೀನಚಟ್ಟಿ'. ರಂಜಾನಿನ ಸಂಜೆ ಹಾಲು ಸಕ್ಕರೆ ಸೇರಿಸಿ ಹೆಪ್ಪುಗಟ್ಟಿಸುವ ಕಡಲಪಾಚಿಯ ಎಳೆಗಳು 'ಚೈನಾ ಗ್ರಾಸ್'. ಕುಂಬಳ ಅಮೆರಿಕ ಖಂಡದಿಂದ ಬಂದದ್ದಾದರೂ ಹೊರಗಿನಿಂದ ಬಂದ ಒಳ್ಳೆಯ ವಸ್ತುವಿಗೆ ಚೀನಾದ ಹೆಸರಿಡುವುದು ನಮ್ಮ ಹಿರಿಯರಿಗೆ ಸಹಜವಾಗಿತ್ತು.

ಚೀನಾದ ಹಬ್ಬದ ತಟ್ಟೆ

ಇಂದಿನ ಚೀನಾದಲ್ಲಿ ಸಿಹಿಯ ಉಡುಗೊರೆಗೆ ದೊಡ್ಡ ಹಬ್ಬವೆಂದರೆ ಚಾಂದ್ರಮಾನದ ಎಂಟನೇ ತಿಂಗಳ ಹುಣ್ಣಿಮೆ. ಅಂದು ಚಂದ್ರನಂತೆ ದುಂಡಗಿನ 'ಯುಎಬಿಂಗ್' ಕಡುಬುಗಳನ್ನು ಮನೆಯಿಂದ ಮನೆಗೆ ಕೊಡುತ್ತಾರೆ. ಒಳಗೆ ತಾವರೆ ಬೀಜದ ಹೂರಣ, ಕೆಲವು ಕಡೆ ಉಪ್ಪಿನಲ್ಲಿಟ್ಟ ಮೊಟ್ಟೆಯ ಹಳದಿ. ಉಡುಗೊರೆ ಎಲ್ಲಿದೆಯೋ ಅಲ್ಲಿ ಅದರ ದುರುಪಯೋಗವೂ ಇರುತ್ತದೆ. ಅಧಿಕಾರಿಗಳನ್ನು ಮೆಚ್ಚಿಸಲು ದುಬಾರಿ ಪೆಟ್ಟಿಗೆಗಳು ಓಡಾಡತೊಡಗಿದಾಗ 2013ರಲ್ಲಿ ಸರಕಾರಿ ಹಣದಲ್ಲಿ ಇವನ್ನು ಕೊಳ್ಳುವುದನ್ನು ನಿಷೇಧಿಸಿದರು. 2022ರಲ್ಲಿ 500 ಯುವಾನ್‌ಗಿಂತ ಹೆಚ್ಚು ಬೆಲೆಯ ಪೆಟ್ಟಿಗೆಗಳ ಮೇಲೆ ಕಣ್ಣಿಟ್ಟರು. ದೀಪಾವಳಿಗೆ ನಮ್ಮ ಕಚೇರಿಗಳ ಮೇಜಿನ ಮೇಲೆ ಏರುವ ಪೆಟ್ಟಿಗೆಗಳನ್ನು ನೆನೆದರೆ ಈ ರೋಗ ನಮಗೂ ಹೊಸತಲ್ಲ. ಪ್ರೀತಿಯ ತಿಂಡಿಗೆ ಬೆಲೆ ಚೀಟಿ ಇರುವುದಿಲ್ಲ.

ಈ ಕಡುಬುಗಳಿಗೆ ಹಂದಿಯ ಕೊಬ್ಬು ಬಳಸುವ ರೂಢಿ ಹಳೆಯದು. ಹಾಗೆಂದು ಚೀನಾದ ಹುಯಿ ಮುಸ್ಲಿಮರು ನೆರೆಯವರ ಹಬ್ಬದಿಂದ ದೂರ ನಿಲ್ಲಲಿಲ್ಲ. ಸಸ್ಯದ ಎಣ್ಣೆ ಬಳಸಿ ತಮ್ಮದೇ ಕಡುಬು ಮಾಡಿದರು. ಅಂಥ ಅಂಗಡಿಗಳ ಮೇಲೆ 'ಛಿಂಗ್‌ಜೆನ್' ಎಂದು ಬರೆದಿರುತ್ತದೆ. ಶುದ್ಧ ಮತ್ತು ಸತ್ಯ ಎಂದು ಅರ್ಥ. ನಮ್ಮಲ್ಲಿ ಹಲಾಲ್ ಎನ್ನುವುದಕ್ಕೆ ಅವರ ಮಾತು ಅದು. ಈದ್ ಬಂದಾಗ ಅವರ ಮನೆಗಳಲ್ಲಿ ಎರಡು ತಿಂಡಿಗಳು ತಪ್ಪುವುದಿಲ್ಲ. ಒಂದು 'ಯೋಶಿಯಾಂಗ್', ಗೋಧಿ ಹಿಟ್ಟನ್ನು ದುಂಡಗೆ ತಟ್ಟಿ ಎಣ್ಣೆಯಲ್ಲಿ ಕರಿದದ್ದು. ಇನ್ನೊಂದು 'ಸಾನ್‌ಜಿ', ಸಣ್ಣ ಎಳೆಗಳನ್ನು ಸುತ್ತಿ ಗರಿಗರಿಯಾಗಿ ಕರಿದದ್ದು. ನಮ್ಮ ಚಕ್ಕುಲಿಯ ದೂರದ ನೆಂಟ ಎನ್ನಬಹುದು. ಯೋಶಿಯಾಂಗನ್ನು ಮನೆಯವರೇ ತಿಂದು ಮುಗಿಸುವಂತಿಲ್ಲ. ನೆಂಟರಿಗೂ ನೆರೆಯವರಿಗೂ ಹಂಚಬೇಕು.

ಸಿಂಕಿಯಾಂಗ್‌ನ ಉಯಿಗುರ್ ಮುಸ್ಲಿಮರು ವಾಲ್ನಟ್, ಒಣದ್ರಾಕ್ಷಿ, ಎಳ್ಳುಗಳನ್ನು ಪಾಕದಲ್ಲಿ ಒತ್ತಿ ಗಟ್ಟಿ ಮಾಡಿದ ಮಿಠಾಯಿಯನ್ನು ಗಾಡಿಗಳಲ್ಲಿಟ್ಟುಕೊಂಡು ಚೀನಾದ ಊರೂರುಗಳಲ್ಲಿ ಕತ್ತರಿಸಿ ಮಾರುತ್ತಾರೆ. ನಮ್ಮ ಗೋಕಾಕದ ಕರದಂಟನ್ನು ತಿಂದವರಿಗೆ ಅದರ ಗುರುತು ಹತ್ತದೆ ಇರದು.

ಊರಿನ ಹೆಸರು ಹೊತ್ತವರು

ಹಾಗಾದರೆ ನಮ್ಮ ನಾಡಿನ ಊರ ತಿಂಡಿಗಳು ಎಲ್ಲಿಂದ ಬಂದವು? ಸಿಹಿ ಮಾಡುವ ವಿದ್ಯೆ ಕನ್ನಡಿಗರಿಗೆ ಯಾರೋ ಹೊರಗಿನವರು ಕಲಿಸಿದ್ದು ಎಂದು ನಾವು ಹೇಳುತ್ತಿಲ್ಲ. 12ನೇ ಶತಮಾನದ ಚಾಲುಕ್ಯ ದೊರೆ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ, 16ನೇ ಶತಮಾನದ ಆರಂಭದ ಮಂಗರಸನ 'ಸೂಪಶಾಸ್ತ್ರ'ದಲ್ಲಿ ಸಿಹಿಭಕ್ಷ್ಯಗಳ ವಿವರಗಳಿವೆ. ಆದರೆ ಇಂದು ಊರಿನ ಹೆಸರಿನಲ್ಲೇ ಮಾರಾಟವಾಗುವ ಎಷ್ಟೋ ತಿಂಡಿಗಳ ಬೆನ್ನು ಹಿಡಿದರೆ ಒಬ್ಬ ಪರವೂರಿನವನು ಸಿಗುತ್ತಾನೆ.

ಧಾರವಾಡ ಪೇಡಾವನ್ನೇ ನೋಡಿ. 19ನೇ ಶತಮಾನದಲ್ಲಿ ಉತ್ತರಪ್ರದೇಶದ ಉನ್ನಾವ್ ಕಡೆಯಿಂದ ಸಾಂಕ್ರಾಮಿಕದ ಭಯಕ್ಕೆ ಊರು ಬಿಟ್ಟು ಬಂದ ಠಾಕೂರ್ ಮನೆತನದ ಕೈಯಿಂದ ಬಂದದ್ದು ಅದು. ಧಾರವಾಡದ ಗೌಳಿಗರ ಎಮ್ಮೆ ಹಾಲು ಸಿಕ್ಕಿತು. ಖೋವಾವನ್ನು ಕಂದು ಬಣ್ಣ ಬರುವವರೆಗೆ ಹುರಿದು, ಉಂಡೆ ಕಟ್ಟಿ, ಸಕ್ಕರೆ ಪುಡಿಯಲ್ಲಿ ಹೊರಳಿಸಿದರು. ಇಂದು ಅದಕ್ಕೆ ಸರಕಾರದ ಭೌಗೋಳಿಕ ಗುರುತಿನ ಮನ್ನಣೆಯಿದೆ. ಉನ್ನಾವ್‌ನ ಕೈ, ಗೌಳಿಗರ ಹಾಲು, ಧಾರವಾಡದ ಹೆಸರು. ಬೆಳಗಾವಿಯ ಕುಂದಾದ ಹಿಂದೆ ರಾಜಸ್ಥಾನದಿಂದ ಬಂದ ಪುರೋಹಿತ ಮನೆತನವಿದೆ ಎನ್ನುತ್ತಾರೆ. ಕಲ್ಲಿಕೋಟೆಯ ಹಲ್ವಾಕ್ಕೆ ಹೆಸರೇ ಅರಬಿ, ಆ ಪದಕ್ಕೆ ಸಿಹಿ ಎಂದಷ್ಟೇ ಅರ್ಥ. ಮಂಗಳೂರು, ಉಡುಪಿ, ಕಾರ್ಕಳದ ಕ್ರೈಸ್ತರು ಕ್ರಿಸ್ಮಸ್‌ಗೆ ಹಂಚುವ 'ಕುಸ್ವಾರ್' ಪೋರ್ಚುಗೀಸ್ ಪದದಿಂದ ಬಂದದ್ದು. ಆದರೆ ಅದರೊಳಗಿನ ಅಕ್ಕಿ, ಬೆಲ್ಲ, ತೆಂಗಿನಕಾಯಿ, ಎಳ್ಳು ನಮ್ಮ ಗದ್ದೆ ತೋಟಗಳದ್ದು.

ದೂರದ ಬಂಗಾಳದಲ್ಲೂ ಇದೇ ಕತೆ. 1778ರ ಸುಮಾರಿಗೆ ಕಲ್ಕತ್ತಾದ ಸಮೀಪ ಬಜ್‌ಬಜ್ ಬಳಿ ವಾರೆನ್ ಹೇಸ್ಟಿಂಗ್ಸ್ ಕೊಟ್ಟ ಜಮೀನಿನಲ್ಲಿ ತೊಂಗ್ ಅಚ್ಯೂ ಎಂಬ ಚೀನೀಯ ಕಬ್ಬು ನೆಟ್ಟು ಸಕ್ಕರೆ ಗಾಣ ಹಾಕಿದ. ಆ ಊರು ಅವನ ಹೆಸರಿನಿಂದಲೇ ಇಂದಿಗೂ ಅಚಿಪುರ. ಭಾರತದ ಚೀನೀ ಸಮುದಾಯದ ಮೊದಲ ನೆಲೆ ಅದು. ಪರದೇಶಿಯೊಬ್ಬ ಸಕ್ಕರೆ ಮಾಡಿದ ನೆಲಕ್ಕೆ ನಾಡು ಅವನ ಹೆಸರನ್ನೇ ಉಳಿಸಿತು.

ಇದರಿಂದ ನಮಗೆ ತೋಚುವುದು ಇಷ್ಟು. ಒಂದು ತಿಂಡಿ ಊರಿನ ಹೆಸರು ಪಡೆದಿದೆ ಎಂದರೆ, ಹಿಂದೆ ಯಾವತ್ತೋ ಆ ಊರು ಒಬ್ಬ ಪರಕೀಯನಿಗೆ ಒಲೆ ಹೂಡಲು ಜಾಗ ಕೊಟ್ಟಿತ್ತು ಎಂದು ಅರ್ಥ. ಜಾಗ ಕೊಟ್ಟ ಊರಿಗೆ ಅವನು ಹೆಸರು ಕೊಟ್ಟ. ಲಾಭ ಇಬ್ಬರಿಗೂ ಆಯಿತು.

ಜಾತ್ರೆಯ ಅಂಗಡಿ

ಅಜೆಕಾರಿನಂಥ ಊರುಗಳಲ್ಲಿ ಇದಕ್ಕೆ ದೊಡ್ಡ ಸಿದ್ಧಾಂತ ಬೇಕಿರಲಿಲ್ಲ. ಅಷ್ಟಮಿ ಬಂದರೆ ಪಕ್ಕದ ಮನೆಯಿಂದ ಚಕ್ಕುಲಿ, ಉಂಡೆ ಬರುತ್ತಿತ್ತು. ಕ್ರಿಸ್ಮಸ್‌ಗೆ ಕುಸ್ವಾರ್ ತಟ್ಟೆ ಬರುತ್ತಿತ್ತು. ಈದ್‌ಗೆ ನಮ್ಮಲ್ಲಿಂದ ಹೋಗುತ್ತಿತ್ತು. ಮಾಂಸ ಬೇಯುವ ಅಡುಗೆಮನೆಯ ಪದಾರ್ಥ ತಿನ್ನದ ಮನೆಗಳಿಗೆ ಬಾಳೆಗೊನೆ, ಸಕ್ಕರೆ ಅಥವಾ ಬೇಕರಿಯ ಕಟ್ಟು ಹೋಗುತ್ತಿತ್ತು. ಅದರಲ್ಲಿ ಯಾರಿಗೂ ಅವಮಾನ ಕಾಣುತ್ತಿರಲಿಲ್ಲ. ಅಡುಗೆಮನೆ ದಾಟಲಾಗದ ಗೆರೆಯನ್ನು ಅಂಗಡಿಯ ಸಿಹಿ ದಾಟಿತು. ತಿರುಗಿ ಬರುವ ಪಾತ್ರೆಯನ್ನು ಯಾರೂ ಖಾಲಿ ಕಳಿಸುತ್ತಿರಲಿಲ್ಲ, ತಳದಲ್ಲಿ ಒಂದು ಹಿಡಿ ಸಕ್ಕರೆಯಾದರೂ ಇರುತ್ತಿತ್ತು. ನೆರೆಯವರ ಉಡುಗೊರೆ ಎಷ್ಟೇ ಸಣ್ಣದಾಗಿರಲಿ, ಅದನ್ನು ಕೀಳಾಗಿ ಕಾಣಬಾರದೆಂದು ಪ್ರವಾದಿಯವರು ಉಪದೇಶಿಸಿದ್ದು ಇಂಥ ಪಾತ್ರೆಗಳ ಬಗ್ಗೆಯೇ ಇರಬೇಕು.

ಜಾತ್ರೆಗಳೂ ಹಾಗೆಯೇ. ಜನವರಿಯಲ್ಲಿ ಕಾರ್ಕಳದ ಅತ್ತೂರಿನ ಸಾಂತ್‌ಮಾರಿಗೆ ಎಲ್ಲ ಧರ್ಮದವರೂ ಹೋಗುತ್ತಾರೆ. ಇಗರ್ಜಿಯ ಹಬ್ಬವಿರಲಿ, ದೇವಸ್ಥಾನದ ತೇರಿರಲಿ, ದರ್ಗಾದ ಉರೂಸಿರಲಿ, ಬರುವಾಗ ಹಲ್ವಾ, ಖರ್ಜೂರ, ಮಿಠಾಯಿಯ ಕಟ್ಟು ಮನೆಗೆ ಬರಬೇಕು. ಮಾರಿದವನು ಯಾರು ಎಂದು ಕೇಳುವವರು ಇರಲಿಲ್ಲ, ಬೆಲೆ ಎಷ್ಟು ಎಂದು ಚೌಕಾಸಿ ಮಾಡುವವರಷ್ಟೇ ಇದ್ದರು. ಮೂಲ್ಕಿಯ ಬಪ್ಪನಾಡಿನ ದುರ್ಗಾಪರಮೇಶ್ವರಿ ದೇವಸ್ಥಾನವನ್ನು ಬಪ್ಪ ಬ್ಯಾರಿ ಎಂಬ ಮುಸ್ಲಿಂ ವ್ಯಾಪಾರಿ ಕಟ್ಟಿಸಿದನೆಂಬ ಐತಿಹ್ಯವಿದೆ. ಅಲ್ಲಿಯ ಉತ್ಸವದಲ್ಲಿ ಅವನ ಮನೆತನಕ್ಕೆ ಪ್ರಸಾದದ ಗೌರವ ಸಲ್ಲುತ್ತ ಬಂದಿದೆ. ಪ್ರಸಾದವೆಂದರೂ ಕೈಯಿಂದ ಕೈಗೆ ಕೊಡುವ ಸಿಹಿಯೇ ತಾನೆ?

ಇಂಥ ಕರಾವಳಿಯಲ್ಲೇ 2022ರ ಮಾರ್ಚ್‌ನಲ್ಲಿ ಕಾಪುವಿನ ಮಾರಿಗುಡಿಯ ಸುಗ್ಗಿ ಮಾರಿಪೂಜೆಯಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿ ಹಾಕಲು ಜಾಗ ಸಿಗಲಿಲ್ಲ. ಬಪ್ಪನಾಡಿನ ಜಾತ್ರೆಯ ಸಮಯದಲ್ಲೂ ಅಂಥದೇ ಬ್ಯಾನರುಗಳು ಎದ್ದವು. 2002ರ ಧಾರ್ಮಿಕ ದತ್ತಿ ನಿಯಮಗಳನ್ನು ಮುಂದಿಟ್ಟು ವಿಧಾನಸಭೆಯಲ್ಲೂ ಚರ್ಚೆ ನಡೆಯಿತು. ಕಾನೂನಿನ ವಾದಗಳು ಅತ್ತ ಇರಲಿ. ವರ್ಷವಿಡೀ ಜಾತ್ರೆಯಿಂದ ಜಾತ್ರೆಗೆ ಅಲೆದು ಬದುಕುವ ಬಡ ವ್ಯಾಪಾರಿಗೆ ಅದು ಎರಡು ದಿನದ ಅನ್ನದ ಪ್ರಶ್ನೆ. ಊರಿಗೆ ಅದು ಇನ್ನೂ ದೊಡ್ಡ ಪ್ರಶ್ನೆ. ಧಾರವಾಡದವರು ಅಂದು ಉನ್ನಾವ್‌ನ ಆ ಮನೆತನಕ್ಕೆ ನೀನು ಯಾವ ಊರಿನವ ಎಂದು ಕೇಳಿ ಬಾಗಿಲು ಹಾಕಿದ್ದರೆ ಇಂದು ಧಾರವಾಡ ಪೇಡಾ ಎಲ್ಲಿರುತ್ತಿತ್ತು?

ಇದು ನಮ್ಮ ನಾಡಿಗಷ್ಟೇ ತಗಲಿದ ಕಾಯಿಲೆಯೂ ಅಲ್ಲ. 2019ರಲ್ಲಿ ಬೀಜಿಂಗಿನ ಹಲಾಲ್ ಹೋಟೆಲು, ಅಂಗಡಿಗಳ ಹಲಗೆಗಳಿಂದ ಅರಬಿ ಅಕ್ಷರಗಳನ್ನು ತೆಗೆಯುವಂತೆ ಅಲ್ಲಿಯ ಅಧಿಕಾರಿಗಳು ಹೇಳಿದರು. ತಿಂಡಿ ಬೇಕು, ತಿಂಡಿ ಮಾಡುವವನ ಗುರುತು ಬೇಡ. ಇಲ್ಲಿ ಜಾಗ ಕೊಡಲೊಲ್ಲರು, ಅಲ್ಲಿ ಹೆಸರು ಉಳಿಸಲೊಲ್ಲರು. ಎರಡರಲ್ಲೂ ಮರೆತುಹೋಗುವುದು ಒಂದೇ, ನಾಲಿಗೆಯ ಮೇಲಿನ ಸಿಹಿ ಯಾರ ಕೈಯಿಂದ ಬಂತು ಎಂಬುದು.

ಇಬ್ನ್ ಬತೂತ ಕಬ್ಬು ಕಂಡ ಬಾರ್ಕೂರಿನ ಪಕ್ಕದಲ್ಲೇ, ಬ್ರಹ್ಮಾವರದಲ್ಲಿ ನಮ್ಮ ಕಾಲದಲ್ಲಿ ಸಹಕಾರಿ ಸಕ್ಕರೆ ಕಾರ್ಖಾನೆಯೊಂದು ನಡೆದು, ನಷ್ಟಕ್ಕೆ ಬಿದ್ದು ಬಾಗಿಲು ಮುಚ್ಚಿತು. ಸುತ್ತಿನ ಕಬ್ಬಿನ ಗದ್ದೆಗಳೂ ಬಹುಮಟ್ಟಿಗೆ ಮಾಯವಾದವು. ಕಾರ್ಖಾನೆ ಮುಚ್ಚಿದರೆ ಸಕ್ಕರೆ ಬೇರೆ ಕಡೆಯಿಂದ ಬರುತ್ತದೆ. ಮಂಡ್ಯದಿಂದ ಬರುತ್ತದೆ, ಬೆಳಗಾವಿಯಿಂದ ಬರುತ್ತದೆ. ಆದರೆ ಪಕ್ಕದ ಮನೆಗೆ ತಟ್ಟೆ ಹೋಗುವುದು ನಿಂತರೆ ಅದನ್ನು ಬೇರೆ ಊರಿನಿಂದ ತರಿಸಲು ಬರುವುದಿಲ್ಲ. ಅದನ್ನು ನಾವೇ ಮಾಡಬೇಕು, ನಾವೇ ಒಯ್ಯಬೇಕು.

ಅಜೆಕಾರಿನ ಬಸ್ ನಿಲ್ದಾಣದಲ್ಲಿ ಇಂದು ಸಂಜೆಯೂ ಯಾರೋ ಒಂದು ಕಟ್ಟು ಹಿಡಿದು ನಿಂತಿರುತ್ತಾರೆ. ಅದರೊಳಗೆ ಮಗಧವಿದೆ, ಮಿಸ್ರ್ ಇದೆ, ಚೀನಾ ಇದೆ, ಉನ್ನಾವ್ ಇದೆ. ಹೊತ್ತವರಿಗೆ ಅದು ಗೊತ್ತಿರಬೇಕೆಂದಿಲ್ಲ. ನೆಂಟರ ಮನೆಯ ಮಕ್ಕಳಿಗೆ ಸಿಹಿ ಬೇಕು ಎಂಬುದಷ್ಟು ಗೊತ್ತಿದ್ದರೆ ಸಾಕು. ಮನೆಯ ಜಗಲಿಯಲ್ಲಿ ಬೆಲ್ಲ ನೀರು ಕಾದಿರುತ್ತದೆ.